"ಸ್ಕೋರ್ ಎಷ್ಟು?" ಅಪ್ಪನ ಎದೆಯ ಮೂರು ಸ್ಕ್ಯಾನ್‌ಗಳ ಕಥೆ

ಹೋದ ವಾರ ಅಪ್ಪನ ಮೂರನೇ ಸಿಟಿ ಸ್ಕ್ಯಾನ್ ಮುಗಿಯಿತು. 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ಶುರುವಾದದ್ದು ಸೆಪ್ಟೆಂಬರ್‌ಗೆ ಬಂದು ನಿಂತಿದೆ. ಈ ನಾಲ್ಕು ತಿಂಗಳಲ್ಲಿ ನಮ್ಮನೆಗೆ ಫೋನ್ ಮಾಡಿದವರೆಲ್ಲ ಮೊದಲು ಕೇಳಿದ್ದು ಒಂದೇ ಮಾತು. "ಸ್ಕೋರ್ ಎಷ್ಟು?" ಶ್ವಾಸಕೋಶಕ್ಕೆ ಸೋಂಕು ಎಷ್ಟು ಹರಡಿದೆ ಅಂತ ಸಿಟಿ ರಿಪೋರ್ಟಿನಲ್ಲಿ ಹಾಕುವ ಅಂಕ ಅದು. ಊಟ ಸೇರ್ತಿದೆಯಾ, ಮಾತಾಡ್ತಾರಾ ಅನ್ನೋದೆಲ್ಲ ಆಮೇಲೆ. ನಾನೂ ಹಾಗೇ ಇದ್ದೆ. ಆ ನಂಬರ್ ಎಲ್ಲಿಂದ ಬರುತ್ತದೆ, ಯಾವಾಗ ನಂಬಬೇಕು, ಯಾವಾಗ ಅದೊಂದನ್ನೇ ಹಿಡಿದುಕೊಂಡು ಕೂರಬಾರದು, ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಒಂದೆರಡು ರಾತ್ರಿಯಾದರೂ ಕಣ್ಣು ಮುಚ್ಚುತ್ತಿದ್ದೆ. ನಿಮ್ಮ ಮನೆಯಲ್ಲಿ ಯಾರಾದರೂ ಈಗ ಇದೇ ದಾರಿಯಲ್ಲಿದ್ದರೆ ಅವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ತರೀಕೆರೆ ಹತ್ತಿರದ ಹಳ್ಳಿ. ಅಪ್ಪನಿಗೆ 61. ಅಡಿಕೆ ತೋಟ, ಒಂದಿಷ್ಟು ತೆಂಗು. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಸಕ್ಕರೆ ಕಾಯಿಲೆ ಇರಲಿಲ್ಲ. ಮೇ 6ಕ್ಕೆ ಜ್ವರ ಬಂತು. ಮೇ 8ಕ್ಕೆ ತಾಲೂಕು ಆಸ್ಪತ್ರೆಯಲ್ಲಿ ಕೋವಿಡ್ ಪರೀಕ್ಷೆಗೆ ಮೂಗಿನ ದ್ರವ ಕೊಟ್ಟೆವು. ರಿಪೋರ್ಟ್ ಬರಲು ಮೂರು ದಿನ ಹಿಡಿಯಿತು. ನೆಗೆಟಿವ್ ಅಂತ ಮೆಸೇಜ್ ಬಂದಾಗ ಅಮ್ಮ ದೇವರ ಮುಂದೆ ದೀಪ ಹಚ್ಚಿದರು. ಆದರೆ ಜ್ವರ ಇಳಿದಿರಲಿಲ್ಲ. ಕೆಮ್ಮು ಜಾಸ್ತಿಯಾಗಿತ್ತು.

ಆ ದಿನ ನಮ್ಮನ್ನು ಎಚ್ಚರಿಸಿದವರು ಊರಿನ ಆಶಾ ಕಾರ್ಯಕರ್ತೆ. ಬಾಗಿಲಲ್ಲೇ ನಿಂತು ಅಪ್ಪನ ಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಹಾಕಿದರು. 95 ತೋರಿಸಿತು. "ಇದೇನೂ ಪರವಾಗಿಲ್ಲ ಅನ್ಸುತ್ತೆ, ಆದ್ರೂ ಅಂಗಳದಲ್ಲಿ ಆರು ನಿಮಿಷ ನಡೆಸಿ ನೋಡೋಣ" ಅಂದರು. ಅಡಿಕೆ ಒಣಗಿಸುವ ಅಂಗಳದಲ್ಲಿ ಅಪ್ಪ ಆ ತುದಿಯಿಂದ ಈ ತುದಿಗೆ ನಡೆದರು. ನಾಲ್ಕನೇ ನಿಮಿಷಕ್ಕೆ ಕಟ್ಟೆ ಮೇಲೆ ಕೂತುಬಿಟ್ಟರು. ಆಕ್ಸಿಮೀಟರ್ 90 ತೋರಿಸಿತು. ಕೂತಾಗ ಚೆನ್ನಾಗಿದ್ದು ನಡೆದರೆ ಮೂರು ನಾಲ್ಕು ಅಂಕ ಇಳಿಯುತ್ತದೆ ಅಂದರೆ ತಡ ಮಾಡಬಾರದು ಅಂತ ಆಕೆ ಖಡಾಖಂಡಿತವಾಗಿ ಹೇಳಿದರು. ಆಕೆಗೆ ನಾವು ಎಷ್ಟು ಋಣಿ ಅಂತ ಹೇಳಲು ಆಗುವುದಿಲ್ಲ.

ಮಾರನೇ ದಿನ, ಮೇ 12, ಶಿವಮೊಗ್ಗಕ್ಕೆ ಹೊರಟೆವು. ಲಾಕ್‌ಡೌನ್ ಶುರುವಾಗಿ ಎರಡು ದಿನ ಆಗಿತ್ತು. ಮೂರು ಕಡೆ ಪೊಲೀಸರು ಕಾರು ನಿಲ್ಲಿಸಿದರು. ಡಾಕ್ಟರ್ ಚೀಟಿ ತೋರಿಸಿದರೆ ಬಿಟ್ಟರು. ಚೀಟಿಯನ್ನು ಮೊಬೈಲ್‌ನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ, ಕಾಗದದಲ್ಲೂ ಇರಲಿ. ಆಧಾರ್ ಜೆರಾಕ್ಸ್ ನಾಲ್ಕೈದು ಇಟ್ಟುಕೊಳ್ಳಿ. ಆಗ ಪಡಿತರ ಚೀಟಿಯೂ ಬೇಕಿತ್ತು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಸ್ಕ್ಯಾನಿಂಗ್ ಸೆಂಟರ್ ಮುಂದೆ ಬೆಳಿಗ್ಗೆ ಏಳಕ್ಕೇ ಮೂವತ್ತು ಜನ ಇದ್ದರು. ನಮ್ಮ ಟೋಕನ್ 34. ಒಬ್ಬೊಬ್ಬರ ನಂತರ ಒಳಗೆ ಔಷಧಿ ಹೊಡೆದು ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ಮುಂದಿನವರನ್ನು ಕರೆಯುತ್ತಿದ್ದರು. ಸ್ಕ್ಯಾನ್ ಆಗುವುದು ಹತ್ತು ಸೆಕೆಂಡಿನ ಕೆಲಸ. ಕಾಯುವುದು ಐದು ತಾಸು. ಅಪ್ಪ ಕಾರಿನಲ್ಲೇ ಮಲಗಿದ್ದರು. ನಾನು ಅರ್ಧ ಗಂಟೆಗೊಮ್ಮೆ ಹೋಗಿ ಬೆರಳಿಗೆ ಆಕ್ಸಿಮೀಟರ್ ಹಾಕಿ ಬರುತ್ತಿದ್ದೆ. 92, 91, 92.

ಕೌಂಟರ್‌ನಲ್ಲಿ 4,500 ಕೇಳಿದರು. ಆ ತಿಂಗಳಷ್ಟೇ ರಾಜ್ಯ ಸರ್ಕಾರ ಎದೆಯ ಸಿಟಿಗೆ ದರ ನಿಗದಿ ಮಾಡಿತ್ತು. ಬಿಪಿಎಲ್ ಕಾರ್ಡಿನವರಿಗೆ 1,500, ಉಳಿದವರಿಗೆ 2,500 ರೂಪಾಯಿ. ತಮ್ಮ ಆ ಆದೇಶದ ಫೋಟೋ ಕಳಿಸಿದ್ದ. ನಾನು ಜಗಳಕ್ಕೆ ಹೋಗಲಿಲ್ಲ, ಫೋಟೋ ತೋರಿಸಿ ನಿಂತೆ. ನಮ್ಮದು ಎಪಿಎಲ್, 2,500 ತೆಗೆದುಕೊಂಡು ರಸೀದಿ ಕೊಟ್ಟರು. ನನ್ನ ಹಿಂದೆ ಇದ್ದ ಹೆಂಗಸಿನ ಹತ್ತಿರ ಬಿಪಿಎಲ್ ಕಾರ್ಡ್ ಮನೆಯಲ್ಲಿತ್ತು. ಪಾಪ, ಪೂರ್ತಿ ದುಡ್ಡು ಕೊಟ್ಟರು. ಅದಕ್ಕೇ ಪಡಿತರ ಚೀಟಿಯೂ ಬೇಕಿತ್ತು ಅಂದದ್ದು.

ಒಳಗೆ ಹೋಗುವ ಮುಂಚೆ ಮೈಮೇಲಿನ ಲೋಹ ಎಲ್ಲ ತೆಗೆಯಬೇಕು. ಉಂಗುರ ತೆಗೆದರು. ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇತ್ತು. ನಮ್ಮಪ್ಪ ಅದನ್ನು ಮೈಯಿಂದ ಬೇರೆ ಮಾಡಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. "ಇದೊಂದು ಇರಲಿ" ಅಂದರು. ಧ್ವನಿ ನಡುಗುತ್ತಿತ್ತು. ಟೆಕ್ನಿಷಿಯನ್ ಹುಡುಗ ಪಿಪಿಇ ಉಡುಪಿನ ಒಳಗೆ ಬೆವರಿ ಒದ್ದೆಯಾಗಿದ್ದ. ಒಂದು ಕ್ಷಣ ಯೋಚಿಸಿದ. "ಯಜಮಾನ್ರೇ, ಕೊರಳಲ್ಲಿದ್ರೆ ಚಿತ್ರದಲ್ಲಿ ಗೆರೆ ಗೆರೆ ಬರುತ್ತೆ. ಕೈ ಎರಡೂ ತಲೆ ಮೇಲೆ ಇಡ್ಬೇಕಲ್ಲ, ಅಲ್ಲೇ ಮುಷ್ಟೀಲಿ ಹಿಡ್ಕೊಳ್ಳಿ. ಅಷ್ಟು ದೂರ ಸ್ಕ್ಯಾನ್ ಹೋಗಲ್ಲ" ಅಂದ. ಅಪ್ಪ ಶಿವದಾರವನ್ನು ಬೆರಳಿಗೆ ಸುತ್ತಿಕೊಂಡು, ಕರಡಿಗೆ ಮುಷ್ಟಿಯಲ್ಲಿ ಹಿಡಿದು ಮಲಗಿದರು.

ಮೆಷಿನ್ನಿನಲ್ಲಿ ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ ಅಂತ ಹೇಳುವ ರೆಕಾರ್ಡ್ ಮಾಡಿದ ಧ್ವನಿ ಇಂಗ್ಲಿಷ್‌ನಲ್ಲಿತ್ತು. ಅಪ್ಪನಿಗೆ ತಿಳಿಯಲಿಲ್ಲ. ಆ ಹುಡುಗ ಅದನ್ನು ನಿಲ್ಲಿಸಿ ಮೈಕಿನಲ್ಲಿ ತಾನೇ ಕನ್ನಡದಲ್ಲಿ ಹೇಳಿದ. ಆ ಒಂದು ಉಸಿರಿಗೆ ಎಷ್ಟು ಬೆಲೆ ಅಂತ ಒಂದು ವಾರದ ನಂತರ ನನಗೆ ತಿಳಿಯಿತು.

ಸಂಜೆ ರಿಪೋರ್ಟ್ ಬಂತು. ಕೊರಾಡ್ಸ್ 5, ಸ್ಕೋರ್ 25ಕ್ಕೆ 11.

ಈ 25 ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಯಾರೂ ನಮಗೆ ಹೇಳಿರಲಿಲ್ಲ. ನಮ್ಮ ಶ್ವಾಸಕೋಶದಲ್ಲಿ ಬಲಗಡೆ ಮೂರು, ಎಡಗಡೆ ಎರಡು, ಒಟ್ಟು ಐದು ಭಾಗ. ಪ್ರತಿ ಭಾಗದಲ್ಲಿ ಎಷ್ಟು ಜಾಗಕ್ಕೆ ಸೋಂಕು ಹರಡಿದೆ ಅಂತ ರೇಡಿಯಾಲಜಿ ಡಾಕ್ಟರ್ ಕಣ್ಣಂದಾಜಿನಲ್ಲಿ ನೋಡಿ ಅಂಕ ಹಾಕುತ್ತಾರೆ. ಏನೂ ಇಲ್ಲದಿದ್ದರೆ 0. ಶೇಕಡಾ 5ಕ್ಕಿಂತ ಕಡಿಮೆ ಇದ್ದರೆ 1, 25ರವರೆಗೆ 2, ಅರ್ಧದವರೆಗೆ 3, ಮುಕ್ಕಾಲಿನವರೆಗೆ 4, ಅದಕ್ಕೂ ಜಾಸ್ತಿ ಇದ್ದರೆ 5. ಐದು ಭಾಗದ್ದನ್ನೂ ಕೂಡಿದರೆ ಸ್ಕೋರ್. ಶೇಕಡಾ 26 ಆದರೂ 3, 49 ಆದರೂ 3. ಅಂದರೆ ಒಂದು ಭಾಗದಲ್ಲಿ ಕಾಯಿಲೆ ಸುಮಾರು ಎರಡರಷ್ಟು ಆದರೂ ಸ್ಕೋರ್ ಅಲ್ಲೇ ನಿಂತಿರಬಹುದು. ಕೊರಾಡ್ಸ್ ಅನ್ನುವುದೇ ಬೇರೆ. ಚಿತ್ರ ನೋಡಿದರೆ ಕೋವಿಡ್ ಅನ್ನುವ ಅನುಮಾನ ಎಷ್ಟು ಬಲವಾಗಿದೆ ಅಂತ ಅದು ಹೇಳುತ್ತದೆ. ಕಾಯಿಲೆ ಎಷ್ಟು ಜೋರಾಗಿದೆ ಅಂತ ಅಲ್ಲ. ನಮ್ಮ ಚಿಕ್ಕಪ್ಪ ಇವೆರಡನ್ನೂ ಕೂಡಿಸಿ 16 ಅಂತ ಊರಿಗೆಲ್ಲ ಹೇಳಿದ್ದರು.

ಅವತ್ತು ರಾತ್ರಿ ಬೆಡ್ ಹುಡುಕಿದ್ದು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಕೋವಿಡ್ ವಾರ್ಡಿನವರು ಪಾಸಿಟಿವ್ ರಿಪೋರ್ಟ್ ಕೇಳಿದರು. ನಮ್ಮದು ನೆಗೆಟಿವ್. ಸಾಮಾನ್ಯ ವಾರ್ಡಿನವರು ಸಿಟಿ ನೋಡಿ, ಇದು ಕೋವಿಡ್, ಇಲ್ಲಿ ಸೇರಿಸಲು ಆಗಲ್ಲ ಅಂದರು. ಎರಡು ಆಸ್ಪತ್ರೆ ಬಾಗಿಲಲ್ಲಿ ಹೀಗೇ ಆಯಿತು. ಕೊನೆಗೆ ಒಬ್ಬ ನರ್ಸ್ "ಸಾರಿ ಬೆಡ್ ಕೇಳಿ" ಅಂತ ಪಿಸುಮಾತಿನಲ್ಲಿ ಹೇಳಿದರು. ಸಾರಿ (SARI) ಅನ್ನುವುದು ತೀವ್ರ ಉಸಿರಾಟದ ಸೋಂಕಿಗೆ ಇಟ್ಟಿರುವ ಹೆಸರು. ಸ್ವಾಬ್ ನೆಗೆಟಿವ್ ಇದ್ದು ಸಿಟಿಯಲ್ಲಿ ಕಂಡರೆ ಆಗ ಆ ಲೆಕ್ಕದಲ್ಲಿ ಸೇರಿಸುತ್ತಿದ್ದರು. ಮೂರನೇ ಆಸ್ಪತ್ರೆಯಲ್ಲಿ ಆ ಮಾತು ಹೇಳಿದ ಮೇಲೆ ಫಾರಂ ಕೈಗೆ ಕೊಟ್ಟರು. ರಾತ್ರಿ ಹನ್ನೆರಡೂವರೆಗೆ ಬೆಡ್ ಸಿಕ್ಕಿತು. ಅಡ್ವಾನ್ಸ್ 50,000. ಎರಡು ದಿನದ ಮೇಲೆ ಕಫ ತೆಗೆದು ಮತ್ತೆ ಪರೀಕ್ಷೆ ಮಾಡಿದಾಗ ಪಾಸಿಟಿವ್ ಬಂತು. ವೈರಸ್ ಕೆಲವು ಸಲ ಮೂಗಿನ ಸ್ವಾಬ್‌ನಲ್ಲಿ ತಪ್ಪಿಸಿಕೊಳ್ಳಬಹುದು ಅಂದರು.

ಇಲ್ಲೊಂದು ಮಾತು. ಸರ್ಕಾರಿ ವ್ಯವಸ್ಥೆಯಿಂದ ರೆಫರ್ ಆಗಿ ಖಾಸಗಿ ಆಸ್ಪತ್ರೆಗೆ ಹೋದವರ ಖರ್ಚನ್ನು ಆಗ ಸರ್ಕಾರ ಕೊಡುತ್ತಿತ್ತು. ನಾವು ಗಾಬರಿಯಲ್ಲಿ ಸೀದಾ ಹೋದೆವು, ಆ ದಾರಿ ತಪ್ಪಿತು. ಒಂದು ಗಂಟೆ ಸಮಯ ಮಾಡಿಕೊಂಡು ರೆಫರಲ್ ಬರೆಸಿಕೊಂಡು ಹೋಗಬೇಕಿತ್ತು. ಉಸಿರು ಕಟ್ಟುತ್ತಿದ್ದರೆ ಮಾತ್ರ ಏನೂ ನೋಡಬೇಡಿ, ಆಕ್ಸಿಜನ್ ಇರುವ ಕಡೆ ಮೊದಲು ಸೇರಿಸಿ.

ಮೊದಲ ನಾಲ್ಕು ದಿನ ಸುಮಾರಾಗಿ ಹೋಯಿತು. ಸ್ಟಿರಾಯ್ಡ್, ರಕ್ತ ಹೆಪ್ಪುಗಟ್ಟದ ಇಂಜೆಕ್ಷನ್, ಬೋರಲು ಮಲಗಿಸುವುದು. ಐದನೇ ದಿನದಿಂದ ಆಕ್ಸಿಜನ್ ಜಾಸ್ತಿ ಮಾಡುತ್ತಾ ಹೋದರು. ಆರು ಲೀಟರ್, ಹತ್ತು, ಹದಿನೈದು. ಮೇ 17ಕ್ಕೆ ಐಸಿಯುಗೆ ಹಾಕಿ, ಒತ್ತಡದಿಂದ ಗಾಳಿ ತಳ್ಳುವ ಬೈಪ್ಯಾಪ್ ಮಾಸ್ಕ್ ಕಟ್ಟಿದರು. ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ. ಸಂಜೆ ಐದಕ್ಕೆ ಒಂದು ವಿಡಿಯೋ ಕಾಲ್. ಮಾಸ್ಕ್ ಒಳಗಿನಿಂದ ಅಪ್ಪನ ಮಾತು ಕೇಳುತ್ತಿರಲಿಲ್ಲ. ಕೈ ಎತ್ತುತ್ತಿದ್ದರು, ಅಷ್ಟೇ.

ನಾನು ದಿನಾ ಕೇಳುತ್ತಿದ್ದೆ, "ಡಾಕ್ಟ್ರೇ, ಇನ್ನೊಂದು ಸಿಟಿ ಮಾಡಿ ನೋಡ್ಬಾರ್ದಾ?" ಅವರು ಬೇಡ ಅನ್ನುತ್ತಿದ್ದರು. "ಅವರ ಉಸಿರು, ಸ್ಯಾಚುರೇಶನ್, ರಕ್ತದ ರಿಪೋರ್ಟ್ ದಿನಾ ನೋಡ್ತಿದೀವಿ. ಸಿಟಿ ಮಾಡಿದ್ರೆ ನಾವು ಕೊಡೋ ಔಷಧಿ ಬದಲಾಗುತ್ತೆ ಅನ್ನೋ ಹಾಗಿದ್ರೆ ಮಾಡೋಣ. ಸುಮ್ನೆ ನೋಡೋಕೆ ಅಂತ ಇಂಥವರನ್ನ ಐಸಿಯುನಿಂದ ಆಚೆ ತರೋದು ಅಪಾಯ." ಆಗ ನನಗೆ ಕೋಪ ಬಂದಿತ್ತು. ಈಗ ಅದರ ಬೆಲೆ ಗೊತ್ತಾಗಿದೆ.

ಮೇ 19ರ ಬೆಳಿಗ್ಗೆ ಅವರೇ ಫೋನ್ ಮಾಡಿ ಸಹಿ ಹಾಕಲು ಕರೆದರು. ರಾತ್ರಿ ಅಪ್ಪನ ಕುತ್ತಿಗೆ ಊದಿಕೊಂಡಿತ್ತು. ಸಿಸ್ಟರ್ ಬೆರಳಿಟ್ಟು ಒತ್ತಿದಾಗ ಚರ್ಮದ ಕೆಳಗೆ ಚರಚರ ಅಂದಿತ್ತಂತೆ. ಮಂಡಕ್ಕಿ ಚೀಲ ಒತ್ತಿದ ಹಾಗೆ ಅಂದರು. ಶ್ವಾಸಕೋಶದಿಂದ ಗಾಳಿ ಸೋರಿ ಚರ್ಮದ ಅಡಿಗೆ ಬಂದಿದೆ, ಎಲ್ಲಿಂದ ಎಷ್ಟು ಅಂತ ನೋಡಲೇಬೇಕು, ಈಗ ಸಿಟಿ ಬೇಕು ಅಂದರು.

ಐಸಿಯು ಎರಡನೇ ಮಹಡಿ, ಸಿಟಿ ನೆಲಮಹಡಿ. ಅಷ್ಟು ದೂರಕ್ಕೆ ಒಬ್ಬ ಡಾಕ್ಟರ್, ಇಬ್ಬರು ಸಿಸ್ಟರ್, ಇಬ್ಬರು ವಾರ್ಡ್ ಬಾಯ್, ಎರಡು ಸಿಲಿಂಡರ್. ಒಂದು ಖಾಲಿಯಾದರೆ ಅಂತ ಇನ್ನೊಂದು. ಲಿಫ್ಟ್ ಬಾಗಿಲಲ್ಲಿ ನನಗೆ ಅಪ್ಪ ಅರ್ಧ ನಿಮಿಷ ಕಂಡರು. ಹದಿನಾಲ್ಕು ದಿನದ ಬಿಳಿ ಗಡ್ಡ, ಮುಖಕ್ಕೆ ಆಕ್ಸಿಜನ್ ಚೀಲದ ಮಾಸ್ಕ್. ನನ್ನನ್ನು ನೋಡಿ ಕೊರಳಿನ ದಾರ ತೋರಿಸಿದರು. ಸಿಸ್ಟರ್ ಅದನ್ನು ಬಿಚ್ಚಿ ನನ್ನ ಗ್ಲೌಸ್ ಹಾಕಿದ ಕೈಗೆ ಕೊಟ್ಟರು. ಈ ಸಲ ಮುಷ್ಟಿ ಹಿಡಿಯುವ ಶಕ್ತಿ ಅವರಿಗೆ ಇರಲಿಲ್ಲ. ಸ್ಕ್ಯಾನ್ ಮುಗಿದು ಬರುವವರೆಗೆ ಆ ಕರಡಿಗೆ ನನ್ನ ಕೈಯಲ್ಲಿತ್ತು.

ಮಧ್ಯಾಹ್ನ ರಿಪೋರ್ಟ್. ಸ್ಕೋರ್ 19. ಅದರ ಜೊತೆಗೆ ಇನ್ನೊಂದು ಹಾಳೆ. ಅದರಲ್ಲಿ ಬಣ್ಣದ ಚಿತ್ರ, ಕೆಂಪು ಕೆಂಪು ಮಚ್ಚೆ. ಕೆಳಗೆ "ಒಟ್ಟು ಸೋಂಕು ಶೇ. 51" ಅನ್ನುವ ಲೆಕ್ಕ. ಎರಡರಲ್ಲಿ ಒಂದು ಶ್ವಾಸಕೋಶ ಹೋಯಿತು ಅಂತಲೇ ನಾನು ತಿಳಿದುಕೊಂಡೆ. ಮೆಟ್ಟಿಲ ಮೇಲೆ ಕೂತು ತಮ್ಮನಿಗೆ ಫೋನ್ ಮಾಡಿದೆ. ಮಾತು ಹೊರಡಲಿಲ್ಲ.

ನನ್ನನ್ನು ನೋಡಿದ ವಾರ್ಡ್ ಬಾಯ್ ಒಬ್ಬರು ರೇಡಿಯಾಲಜಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಆಕೆ ಅವತ್ತು ಎಷ್ಟು ಸ್ಕ್ಯಾನ್ ನೋಡಿದ್ದರೋ, ಕಣ್ಣು ಕೆಂಪಾಗಿತ್ತು. ಆದರೂ ಇಪ್ಪತ್ತು ನಿಮಿಷ ಕೂರಿಸಿಕೊಂಡು ಹೇಳಿದರು. ಆ ಇಪ್ಪತ್ತು ನಿಮಿಷಕ್ಕಾಗಿಯೇ ಈ ಬರಹ.

ಸಿಟಿಯ ಒಂದೊಂದು ಚುಕ್ಕೆಗೂ ಒಂದು ಸಂಖ್ಯೆ ಇರುತ್ತದೆ. ಹೌನ್ಸ್‌ಫೀಲ್ಡ್ ಅಂತ ಅದರ ಅಳತೆ. ನೀರಿಗೆ ಸೊನ್ನೆ, ಬರೀ ಗಾಳಿಗೆ ಮೈನಸ್ 1,000. ಚೆನ್ನಾಗಿ ಗಾಳಿ ತುಂಬಿದ ಶ್ವಾಸಕೋಶ ಮೈನಸ್ 850ರ ಆಸುಪಾಸು. ಸೋಂಕಾಗಿ ಗಾಳಿಗೂಡಿನಲ್ಲಿ ನೀರು ಸೇರಿದ ಹಾಗೆಲ್ಲ ಆ ಸಂಖ್ಯೆ ಮೇಲಕ್ಕೆ ಬರುತ್ತದೆ. ಮಬ್ಬು ಗಾಜಿನ ಹಾಗೆ ಕಾಣುವ ಜಾಗ ನಡುವಿನಲ್ಲಿ, ಪೂರ್ತಿ ಗಟ್ಟಿಯಾದ ಜಾಗ ಸೊನ್ನೆಯ ಹತ್ತಿರ. ಸಾಫ್ಟ್‌ವೇರ್ ಶ್ವಾಸಕೋಶದ ಅಂಚು ಗುರುತಿಸಿ, ಒಳಗಿನ ಲಕ್ಷಾಂತರ ಚುಕ್ಕೆಗಳನ್ನು ಎಣಿಸಿ, ಇಷ್ಟು ಮಬ್ಬು, ಇಷ್ಟು ಗಟ್ಟಿ ಅಂತ ಶೇಕಡಾವಾರು ಹೇಳುತ್ತದೆ. ಕಣ್ಣಂದಾಜಿನ 25ರ ಸ್ಕೋರ್‌ಗಿಂತ ಇದು ಸೂಕ್ಷ್ಮ. ಹಿಂದಿನ ಸ್ಕ್ಯಾನ್ ಜೊತೆ ಹೋಲಿಸಲು ಒಳ್ಳೆಯದು.

"ಆದ್ರೆ ಅದು ಎಣಿಸೋದು ಮಾತ್ರ ಮಾಡುತ್ತೆ ಅಮ್ಮಾ" ಅಂದರು. ಅಪ್ಪನ ಎಡಗಡೆ ತಳಭಾಗ ಎಷ್ಟು ಗಟ್ಟಿಯಾಗಿತ್ತೆಂದರೆ ಸಾಫ್ಟ್‌ವೇರ್ ಅದನ್ನು ಶ್ವಾಸಕೋಶ ಅಂತಲೇ ತಿಳಿಯದೆ ಎದೆಗೋಡೆಯ ಮಾಂಸ ಅಂದುಕೊಂಡು ಬಿಟ್ಟಿತ್ತು. ಮೊದಲು ಶೇ. 44 ಅಂತ ಬಂದಿತ್ತಂತೆ. ಇವರು ಮೌಸ್ ಹಿಡಿದು ಒಂದೊಂದು ಪದರದಲ್ಲೂ ಅಂಚು ಎಳೆದು ಸರಿಮಾಡಿದ ಮೇಲೆ 51 ಆಯಿತು. ಆ ಗೆರೆ ಎಳೆದದ್ದನ್ನು ಪರದೆಯ ಮೇಲೆ ತೋರಿಸಿದರು. ಯಾರೂ ನೋಡದೆ ಮೆಷಿನ್ ಕೊಟ್ಟ ಹಾಳೆಯನ್ನು ಹಾಗೇ ಕೈಗೆ ಕೊಟ್ಟಿದ್ದರೆ ಕಾಯಿಲೆ ಜಾಸ್ತಿಯಾದಷ್ಟೂ ನಂಬರ್ ಕಡಿಮೆ ತೋರಿಸುತ್ತಿತ್ತು!

ಆಮೇಲೆ ಉಸಿರಿನ ವಿಷಯ. "ಅವರ ಮೊದಲನೇ ಸ್ಕ್ಯಾನ್ ಸೀಡಿ ಇದೆಯಾ?" ಅಂತ ಕೇಳಿದರು. ನನ್ನ ಹತ್ತಿರ ಫಿಲ್ಮ್ ಮಾತ್ರ ಇತ್ತು. ಫಿಲ್ಮ್‌ನಿಂದ ಏನೂ ಎಣಿಸಲು ಆಗುವುದಿಲ್ಲ, ಡೈಕಾಮ್ ಅನ್ನುವ ಮೂಲ ಡೇಟಾ ಬೇಕು ಅಂದರು. ಸೆಂಟರ್‌ಗೆ ಫೋನ್ ಮಾಡಿದರೆ, ಹದಿನೈದು ದಿನಕ್ಕೆ ಅಳಿಸಿಬಿಡುತ್ತೇವೆ, ಬೇಗ ಬನ್ನಿ ಅಂದರು. ಒಂದು ವಾರ ಅದಾಗಲೇ ಮುಗಿದಿತ್ತು. ಮರುದಿನ ಲಾಕ್‌ಡೌನ್ ಸಡಿಲ ಇದ್ದ ಬೆಳಿಗ್ಗೆ ಆರರಿಂದ ಹತ್ತರ ಒಳಗೆ ತಮ್ಮ ಹೋಗಿ 200 ರೂಪಾಯಿ ಕೊಟ್ಟು ಬರೆಸಿಕೊಂಡು ಬಂದ. ಅದರಲ್ಲೂ ಮೊದಲು ಬರೀ ಫೋಟೋ ಹಾಕಿ ಕೊಟ್ಟಿದ್ದರು, ಇವನು ಅಲ್ಲೇ ತೆರೆಸಿ ನೋಡಿ ಮತ್ತೆ ಬರೆಸಿದ. ದಯವಿಟ್ಟು ಇದನ್ನು ನೆನಪಿಡಿ. ಸ್ಕ್ಯಾನ್ ಆದ ದಿನವೇ ಡೈಕಾಮ್ ಸೀಡಿ ಕೇಳಿ ಪಡೆಯಿರಿ. ತೆಳು ಪದರದ ಚಿತ್ರಗಳು ಬೇಕು, ಒಂದು ಮಿಲಿಮೀಟರ್‌ನವು, ಅಂತ ಬಾಯಿಬಿಟ್ಟು ಕೇಳಿ. ಪೆನ್‌ಡ್ರೈವ್‌ಗೂ ಒಂದು ಪ್ರತಿ ಹಾಕಿಟ್ಟುಕೊಳ್ಳಿ.

ಮೊದಲ ಸ್ಕ್ಯಾನ್ ಎಣಿಸಿದಾಗ ಸೋಂಕು ಶೇ. 22. ಅದರ ಪಕ್ಕ ಇನ್ನೊಂದು ಅಂಕಿ ಇತ್ತು. ಅದನ್ನು ಯಾರೂ ನೋಡುವುದಿಲ್ಲ, ನೋಡಲೇಬೇಕು. ಸ್ಕ್ಯಾನ್ ಆದಾಗ ಶ್ವಾಸಕೋಶ ಎಷ್ಟು ಹಿಗ್ಗಿತ್ತು ಅನ್ನುವ ಅಳತೆ. ಮೊದಲನೇ ಸಲ 3,600 ಮಿಲಿಲೀಟರ್. ಎರಡನೇ ಸಲ 2,100.

"ಒಂದು ಹಿಡಿ ಅರಳೆ ತಗೊಳ್ಳಿ. ಬಿಡಿಸಿ ಹಿಡಿದ್ರೆ ಬೆಳಕು ಆಚೆ ಕಾಣುತ್ತೆ. ಮುಷ್ಟೀಲಿ ಹಿಂಡಿದ್ರೆ ಕಾಣಲ್ಲ. ಅರಳೆ ಅಷ್ಟೇ ಇದೆ, ಅಲ್ವಾ?" ಅಂದರು. ಉಸಿರು ಹಿಡಿಯಲಾಗದೆ ಅಪ್ಪ ಅರ್ಧಕ್ಕೇ ಬಿಟ್ಟಿದ್ದರು. ಹಿಂಡಿದ ಶ್ವಾಸಕೋಶದಲ್ಲಿ ಆರೋಗ್ಯವಾಗಿರುವ ಜಾಗವೂ ಮಬ್ಬಾಗಿ ಕಂಡು ಲೆಕ್ಕಕ್ಕೆ ಸೇರುತ್ತದೆ. ಹಾಗಂತ ಕಾಯಿಲೆ ಜಾಸ್ತಿ ಆಗಿಲ್ಲ ಅಂತಲ್ಲ, ಖಂಡಿತ ಆಗಿದೆ. 22 ಇದ್ದದ್ದು 51 ಆಯಿತು ಅಂತ ಸೀದಾ ಕಳೆಯುವ ಲೆಕ್ಕ ಮಾಡಬಾರದು ಅಷ್ಟೇ. ಗಟ್ಟಿಯಾದ ಭಾಗ ಎಷ್ಟು ಬೆಳೆದಿದೆ ಅಂತ ನೋಡಬೇಕು. ಅದು ಶೇ. 4ರಿಂದ 13ಕ್ಕೆ ಹೋಗಿತ್ತು. ಆ ಮಾತು ಸಣ್ಣದಲ್ಲ. ಆದರೆ ಅರ್ಧ ಶ್ವಾಸಕೋಶ ಹೋಯಿತು ಅಂತ ನಾನು ಮೆಟ್ಟಿಲ ಮೇಲೆ ಕೂತು ಅತ್ತದ್ದು ನಿಜವಾಗಿರಲಿಲ್ಲ.

ಆ ಸ್ಕ್ಯಾನ್‌ನಿಂದ ಅಪ್ಪನಿಗೆ ಉಪಕಾರವಾದದ್ದು ಈ ಶೇಕಡಾ ಲೆಕ್ಕದಿಂದ ಅಲ್ಲ. ಎದೆಯ ನಡುವೆ, ಶ್ವಾಸಕೋಶಗಳ ಮಧ್ಯದ ಜಾಗದಲ್ಲಿ ಗಾಳಿ ಸೇರಿದ್ದು ಕಂಡಿತು. ಶ್ವಾಸಕೋಶ ಕುಸಿದಿರಲಿಲ್ಲ, ಟ್ಯೂಬ್ ಹಾಕುವ ಅಗತ್ಯ ಬೀಳಲಿಲ್ಲ. ಒತ್ತಡದಿಂದ ಗಾಳಿ ತಳ್ಳುವ ಬೈಪ್ಯಾಪ್ ತೆಗೆದು, ಮೂಗಿನ ಕೊಳವೆಯಲ್ಲಿ ಬಿಸಿ ಆಕ್ಸಿಜನ್ ಜೋರಾಗಿ ಬಿಡುವ ಮೆಷಿನ್ನಿಗೆ ಬದಲಿಸಿದರು. ಚಿಕಿತ್ಸೆ ಬದಲಾಗುವ ಹಾಗಿದ್ದರೆ ಮಾಡೋಣ ಅಂತ ಡಾಕ್ಟರ್ ಹೇಳಿದ್ದರ ಅರ್ಥ ಇದೇ.

ಆಮೇಲಿನ ಹತ್ತು ದಿನ ನಾನು ಇನ್ನೊಂದು ಸಿಟಿ ಕೇಳಲಿಲ್ಲ. ಬೆಡ್ ಪಕ್ಕದಲ್ಲೇ ತೆಗೆಯುವ ಎಕ್ಸ್‌ರೇ, ಆಕ್ಸಿಜನ್ ಪ್ರಮಾಣ, ನಿಮಿಷಕ್ಕೆ ಎಷ್ಟು ಉಸಿರು, ಇವನ್ನೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಫೋನ್ ಮಾಡಿದವರು ಸ್ಕೋರ್ ಕೇಳಿದರೆ "ಇವತ್ತು ಆಕ್ಸಿಜನ್ ನಿನ್ನೆಗಿಂತ ಕಡಿಮೆ ಸಾಕಾಗ್ತಿದೆ" ಅಂತ ಹೇಳಲು ಕಲಿತೆ.

ರೇಡಿಯೇಶನ್ ಹೆದರಿಕೆಯೂ ಆಗ ಜೋರಾಗಿತ್ತು. ಒಂದು ಸಿಟಿ ಅಂದರೆ 300ರಿಂದ 400 ಎಕ್ಸ್‌ರೇಗೆ ಸಮ ಅಂತ ದೆಹಲಿಯ ಏಮ್ಸ್ ಆಸ್ಪತ್ರೆಯ ಆಗಿನ ನಿರ್ದೇಶಕ ಡಾ. ರಣದೀಪ್ ಗುಲೇರಿಯಾ ಮೇ ಮೊದಲ ವಾರದಲ್ಲಿ ಹೇಳಿದ್ದರು. ಈಗಿನ ಮೆಷಿನ್‌ಗಳಲ್ಲಿ ಅಷ್ಟಿಲ್ಲ ಅಂತ ರೇಡಿಯಾಲಜಿಸ್ಟ್‌ಗಳ ಸಂಘ ಅದನ್ನು ಒಪ್ಪಲಿಲ್ಲ. ಚಿಕ್ಕಪ್ಪ ಆ ಸುದ್ದಿ ನೋಡಿ ನಮ್ಮ ಮೇಲೆ ರೇಗಿದ್ದರು. ನಾನು ಕೇಳಿ ತಿಳಿದುಕೊಂಡದ್ದು ಇಷ್ಟು. ಎದೆಯ ಮಾಮೂಲಿ ಸಿಟಿಗೆ 5ರಿಂದ 7 ಮಿಲಿಸೀವರ್ಟ್, ಕಡಿಮೆ ಡೋಸ್ ಇಟ್ಟು ಮಾಡಿದರೆ 1ರಿಂದ 2. ಸಣ್ಣ ಜ್ವರ, ನೆಗಡಿಗೆ ಓಡಿಹೋಗಿ ಮಾಡಿಸುವುದು, ಮೂರು ದಿನಕ್ಕೊಮ್ಮೆ ಮಾಡಿಸುವುದು ತಪ್ಪು. ಬೇಕಾದಾಗ ಹೆದರಿ ಬಿಡುವುದೂ ತಪ್ಪು. ಗುಲೇರಿಯಾ ಅವರು ಎಚ್ಚರಿಸಿದ್ದು ಬೇಡದ ಸ್ಕ್ಯಾನ್‌ಗಳ ಬಗ್ಗೆ. ನಮಗೆ ಆ ಮಾತು ಅರ್ಥವಾಗದೆ ಹೆದರಿಕೆ ಮಾತ್ರ ಉಳಿಯಿತು.

ಜೂನ್ 7ಕ್ಕೆ ಅಪ್ಪ ಮನೆಗೆ ಬಂದರು. ಆಸ್ಪತ್ರೆಯ ಒಟ್ಟು ಬಿಲ್ 4,10,000. ಉಗ್ರಾಣದಲ್ಲಿದ್ದ ಕೆಂಪಡಿಕೆ ಪೂರ್ತಿ ಮಾರಿ, ಅಮ್ಮನ ಸರ ಅಡವಿಟ್ಟು ಕಟ್ಟಿದೆವು. ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಬಾಡಿಗೆ ತಿಂಗಳಿಗೆ 9,000, ಡಿಪಾಸಿಟ್ 10,000. ಹಳ್ಳಿಯವರಿಗೆ ಒಂದು ಎಚ್ಚರಿಕೆ. ಅದು ಕರೆಂಟ್‌ನಿಂದ ನಡೆಯುವ ಮೆಷಿನ್, ಮನೆಯ ಯುಪಿಎಸ್ ಅದನ್ನು ಜಾಸ್ತಿ ಹೊತ್ತು ಎಳೆಯುವುದಿಲ್ಲ. ಮುಂಗಾರು ಶುರುವಾಗಿ ಮೂರನೇ ರಾತ್ರಿಯೇ ಕರೆಂಟ್ ಹೋಯಿತು. ಟಾರ್ಚ್ ಹಿಡಿದುಕೊಂಡು ತಮ್ಮ ಸಿಲಿಂಡರ್ ತಿರುಗಿಸಿದ. ಒಂದು ಸಿಲಿಂಡರ್ ತುಂಬಿಸಿ ಇಟ್ಟಿರದಿದ್ದರೆ ಏನಾಗುತ್ತಿತ್ತೋ. ಸ್ಟಿರಾಯ್ಡ್‌ನಿಂದ ಸಕ್ಕರೆ 280ಕ್ಕೆ ಹೋಗಿತ್ತು, ಒಂದೂವರೆ ತಿಂಗಳು ದಿನಾ ಬೆರಳು ಚುಚ್ಚಿ ನೋಡಿದೆವು. ಜುಲೈ ಕೊನೆಗೆ ಆಕ್ಸಿಜನ್ ಬೇಡವಾಯಿತು.

ಜುಲೈನಲ್ಲೇ ಒಂದು ಸ್ಕ್ಯಾನ್ ಮಾಡಿಸಿಬಿಡೋಣ ಅಂತ ನನಗೆ ಆಸೆ. ಡಾಕ್ಟರ್ ತಡೆದರು. "ಗಾಯ ಆರ್ತಾ ಇರುವಾಗ ನೋಡಿದ್ರೆ ಕಲೆ ಕಾಣುತ್ತೆ, ಅದೇ ಉಳಿಯುತ್ತೆ ಅಂತ ನೀವು ಹೆದರ್ತೀರಿ. ಮೂರು ತಿಂಗಳು ಕಳೀಲಿ" ಅಂದರು. ಮೂರನೆಯದು ಹೇಗೆ ಆಗಬೇಕು ಅಂತ ಆ ರೇಡಿಯಾಲಜಿ ಡಾಕ್ಟರ್ ಬರೆದುಕೊಟ್ಟರು. ಅದೇ ಮೆಷಿನ್, ಅದೇ ದಪ್ಪದ ಪದರ, ಕಡಿಮೆ ಡೋಸ್, ಅದೇ ಸಾಫ್ಟ್‌ವೇರ್. ಬೇರೆ ಮೆಷಿನ್, ಬೇರೆ ಸಾಫ್ಟ್‌ವೇರ್ ಆದರೆ ಕಾಯಿಲೆ ಬದಲಾಗದಿದ್ದರೂ ಅಂಕಿ ಬದಲಾಗಬಹುದಂತೆ. ಅದರ ಕೆಳಗೆ ಕನ್ನಡದಲ್ಲೇ ಒಂದು ಸಾಲು ಬರೆದಿದ್ದರು: ಉಸಿರು ಹಿಡಿಯುವುದು ಅಭ್ಯಾಸ ಮಾಡಿಸಿ.

ಅದಕ್ಕೇ ಆಗಸ್ಟ್ ಪೂರ್ತಿ ಸಂಜೆ ಜಗಲಿ ಮೇಲೆ ಇದೇ ಕೆಲಸ. ಅಪ್ಪ ಚಾಪೆ ಮೇಲೆ ಮಲಗಿ ಕೈ ತಲೆಯ ಮೇಲೆ ಇಡುತ್ತಿದ್ದರು. ನಾನು "ಎಳ್ಕೊಳ್ಳಿ, ಬಿಡಿ, ಮತ್ತೆ ಪೂರ್ತಿ ಎಳ್ಕೊಳ್ಳಿ, ಹಿಡ್ಕೊಳ್ಳಿ" ಅಂತ ಹೇಳಿ ಎಣಿಸುತ್ತಿದ್ದೆ. ಮೊದಲ ದಿನ ನಾಲ್ಕಕ್ಕೇ ಕೆಮ್ಮು ಬಂತು. ಎರಡನೇ ವಾರ ಏಳು. ಗೌರಿ ಹಬ್ಬ ಹತ್ತಿರ ಬರುವ ಹೊತ್ತಿಗೆ ಹನ್ನೆರಡು.

ಸೆಪ್ಟೆಂಬರ್ ಮೊದಲ ವಾರ ಸ್ಕ್ಯಾನ್ ಆಯಿತು. ಕಾಯುವ ಸಾಲು ಇರಲಿಲ್ಲ, ಅರ್ಧ ಗಂಟೆಯಲ್ಲಿ ಮುಗಿಯಿತು. 3,200 ರೂಪಾಯಿ. ಕರಡಿಗೆ ಈ ಸಲ ಮತ್ತೆ ಅಪ್ಪನ ಮುಷ್ಟಿಯಲ್ಲಿತ್ತು. ಶ್ವಾಸಕೋಶದ ಅಳತೆ 3,900 ಮಿಲಿಲೀಟರ್, ಸೋಂಕಿನ ಗುರುತು ಶೇ. 9, ಗಟ್ಟಿ ಭಾಗ ಹೆಚ್ಚುಕಡಿಮೆ ಇಲ್ಲ. ಕೆಳಗಡೆ ಎರಡೂ ಬದಿ ಎಳೆ ಎಳೆಯಾಗಿ ಕಲೆ ಉಳಿದಿದೆ. ಮೂರು ಸ್ಕ್ಯಾನ್‌ಗಳನ್ನೂ ಆಕೆ ಪಕ್ಕಪಕ್ಕದಲ್ಲಿಟ್ಟು ಅಪ್ಪನಿಗೆ ತೋರಿಸಿದರು. ಅಪ್ಪ ತುಂಬ ಹೊತ್ತು ನೋಡಿದರು. ನಡುವಿನದರ ಮೇಲೆ ಬೆರಳಿಟ್ಟು "ಇದು ನನ್ನದೇನಾ?" ಅಂತ ಕೇಳಿದರು.

ಊದಿಸಿ ನೋಡುವ ಪರೀಕ್ಷೆ ಅದೇ ದಿನ ಆಯಿತು, ಅದಕ್ಕೆ 1,800. ಗಾಳಿಯಿಂದ ರಕ್ತಕ್ಕೆ ಆಕ್ಸಿಜನ್ ದಾಟುವ ಶಕ್ತಿ ಇರಬೇಕಾದ್ದರಲ್ಲಿ ಶೇ. 64 ಇದೆ. ಚಿತ್ರ ಚೆನ್ನಾಗಿದ್ದರೂ ಕೆಲಸ ಇನ್ನೂ ಪೂರ್ತಿ ಸರಿಹೋಗಿಲ್ಲ, ಅದಕ್ಕೇ ಎರಡೂ ನೋಡಬೇಕು ಅಂದರು. ಆರು ನಿಮಿಷದ ನಡಿಗೆಯನ್ನು ಈ ಸಲ ಆಸ್ಪತ್ರೆ ಕಾರಿಡಾರ್‌ನಲ್ಲಿ ನಿಲ್ಲದೆ ಮುಗಿಸಿದರು. 96ರಿಂದ 93ಕ್ಕೆ ಇಳಿಯಿತು.

ಮುಂದಿನ ಸಿಟಿಗೆ ದಿನ ಕೊಟ್ಟಿಲ್ಲ. ಆರು ತಿಂಗಳ ಮೇಲೆ ಊದುವ ಪರೀಕ್ಷೆ ಮಾಡಿ, ಅದರಲ್ಲಿ ಕಡಿಮೆ ಬಂದರೆ ಮಾತ್ರ ಸ್ಕ್ಯಾನ್ ಅಂದಿದ್ದಾರೆ. ಮೂರೂ ಸೀಡಿಗಳನ್ನು ದಿನಾಂಕ ಬರೆದು, ಉಸಿರಿನ ಅಳತೆಯನ್ನೂ ಮೇಲೆ ಬರೆದು ಬೀರುವಿನಲ್ಲಿ ಇಟ್ಟಿದ್ದೇನೆ. ಅಪ್ಪ ಈಗ ಬೆಳಿಗ್ಗೆ ಬಾವಿಯವರೆಗೆ ಹೋಗಿ ಬರುತ್ತಾರೆ. ಕೊನೆಯ ಏರಿನಲ್ಲಿ ಒಮ್ಮೆ ನಿಲ್ಲುತ್ತಾರೆ. ನಿನ್ನೆ ಅಲ್ಲಿಂದಲೇ ಕೂಗಿದರು, "ಮಗಾ, ಮರಕ್ಕೆ ಕೊಳೆ ರೋಗ ಬಂದಿದೆ, ಔಷಧಿ ಹೊಡೆಯೋಕೆ ಆಳು ಕರೆಸು." ಕೂಗಿದ್ದು ಮನೆಯೊಳಗೆ ನನಗೆ ಕೇಳಿಸಿತು.